ಜೀಪು ಕಡೆದ ಬೆಣ್ಣೆ

ಕಣ್ಣಿಗೆ ತುಕ್ಕು ಬಿತ್ತು, ಬಲಗಣ್ಣಿಗೆ, ಉಜ್ಜಬಾರದು, ಉಜ್ಜಿದರೆ ಕೈಯಲ್ಲಿರುವ ಗ್ರೀಸೂ ಒಳಗೆ ಹೋಗುತ್ತದೆ, ನೀರು ತಾನಾಗಿ ಬಂದು ತಾನಾಗಿ ತೊಳೆಯಲಿ, ನೋಡಿದವರು ಸುಮಲತ ಅಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಲಿ, ಅಂದುಕೊಳ್ಳುವುದರಲ್ಲಿ ಈ ಮಜರೆಯವರನ್ನು ಮೀರಿಸುವವರು ಯಾರಿದ್ದಾರೆ, ಹಾಲಿನ ಜೀಪಿನ ಕೆಳಗೆ ಅಂಗಾತ ಮಲಗಿದ್ದಾಳೆ, ಬೆನ್ನಡಿಗೆ ಹರಕು ಗೋಣಿಚೀಲ, ಮೈಮೇಲೆ ಗಂಡನ ಹಳೇ ಪ್ಯಾಂಟು, ಅವನದೇ ಅಂಗಿ — ಅದಕ್ಕೂ ಬೆಳಿಗ್ಗೆಯೇ ಒಂದು ಮಾತು ಬಂದಾಗಿದೆ, ವೆಂಕಿ ಕೆಲಸಕ್ಕೆ ಬೆಂಗಳೂರು ರೈಲು ಹತ್ತಿದ್ದೇ ತಡ ಹೆಂಡತಿ ಅವನ ಪ್ಯಾಂಟು ಏರಿಸಿಕೊಂಡಳು ಎಂದು, ಹೌದು ಏರಿಸಿಕೊಂಡೆ, ಸೀರೆ ಉಟ್ಟು ಜೀಪಿನಡಿ ತೂರಿ ನೋಡಿ ಗೊತ್ತಾಗುತ್ತದೆ. ಇಲ್ಲಿಂದ ನೋಡಿದರೆ ಲೋಕವೆಲ್ಲ ಕಾಲು, ಕೋಳಿಯ ಕಾಲು, ಕರುವಿನ ಗೊರಸು, ಮೈದುನ ಗೋಪಿಯ ನೀಲಿ ಹವಾಯಿ ಚಪ್ಪಲಿ ಅತ್ತಿಂದಿತ್ತ ಇತ್ತಿಂದತ್ತ, ನಿಲ್ಲಲೂ ಆಗದೆ ಹೋಗಲೂ ಆಗದೆ, ಅತ್ಗೇ ಆಚೆ ಬಾ, ಇದು ಎಂಗಸ್ರು ಮಾಡೋ ಕೆಲ್ಸ ಅಲ್ಲ, ಸ್ಪ್ರಿಂಗು ಆರಿ ಮಕಕ್ಕೆ ಒಡದ್ರೆ ಅಣ್ಣಂಗೆ ನಾನೇನ್ ಜವಾಬು ಕೊಡ್ಲಿ. ಹಾರಲಿ, ಮುಖಕ್ಕೆ ಹೊಡೆಯುವುದೆಲ್ಲ ಹೊಡೆದಾಗಿದೆ ಈ ತಿಂಗಳಲ್ಲಿ, ಇನ್ನೊಂದು ಸೇರಲಿ. ಅಣ್ಣಂಗೆ ನಾನೇ ಏಳ್ಕೊಂತೀನಿ, ನೀನು ಆ ಮಚ್ಚು ಇತ್ಲಾಗೆ ಕೊಡು, ಎಂದಳು, ಮಚ್ಚು ಬಂತು, ಸುರುಳಿ ಸ್ಪ್ರಿಂಗಿನ ನಡುವೆ ಸಿಕ್ಕಿಕೊಂಡ ಕಪ್ಪು ರಬ್ಬರಿಗೆ ಮಚ್ಚಿನ ತುದಿ ಹಾಕಿ ಮೀಟಿದಳು, ಜಗ್ಗಲಿಲ್ಲ.

ಇವನಿಟ್ಟ ರಬ್ಬರು ಇದು, ಈ ನೀಲಿ ಚಪ್ಪಲಿಯವನೇ ಇಟ್ಟದ್ದು, ಹೋದ ಮಳೆಯಲ್ಲಿ ಹಳ್ಳದ ಮೋರಿ ಕೊಚ್ಚಿ ಹೋಗಿ ಬೂದಿಕೋಟೆ ರಸ್ತೆಗೂ ಇವರ ಮಜರೆಗೂ ನಡುವೆ ಬರೀ ಬಂಡೆ ಉಳಿದಾಗ, ಹಾಲು ಹೊತ್ತ ಜೀಪಿನ ಹೊಟ್ಟೆ ದಿನಾ ಎರಡು ಹೊತ್ತೂ ಕಲ್ಲಿಗೆ ಉಜ್ಜಿ ಕಿರ್ರೆನ್ನುತ್ತಿದ್ದಾಗ. ಈ ಜೀಪು ಹಾಲು ಹೊರಲು ಹುಟ್ಟಿದ್ದಲ್ಲ, ಕೆಜಿಎಫ್‌ನ ಫ್ಯಾಕ್ಟರಿಯಲ್ಲಿದ್ದ ಧಾರವಾಡ ಕಡೆಯ ಎಂಜಿನಿಯರೊಬ್ಬ ಭಾನುವಾರ ಭಾನುವಾರ ಗಣಿಮಣ್ಣಿನ ಸೈನೈಡ್ ದಿಬ್ಬದ ಮೇಲೆ ಹತ್ತಿಸಿ ಇಳಿಸಿ ಆಡುತ್ತಿದ್ದದ್ದು, ವರ್ಗವಾದಾಗ ಮಾರಿ ಹೋದ, ಮಜರೆಗೆ ಡೇರಿ ಇಲ್ಲ, ಹಳ್ಳದಾಚೆಯ ದೊಡ್ಡ ಊರಿನ ಡೇರಿಗೆ ಮನೆಮನೆಯ ಹಾಲು ಸಾಗಿಸಲು ಬೇರೆ ಯಾವ ಗಾಡಿಯೂ ಬರುವುದಿಲ್ಲ, ಹಾಗಾಗಿ ಇದು ಇವಳ ಕೈಗೆ ಬಂತು, ಆಟದ ಜೀಪು ಕೆಲಸ ಕಲಿಯಿತು. ಆದರೆ ಸ್ಪ್ರಿಂಗುಗಳಿಗೆ ವಯಸ್ಸಾಗಿ ಕುಸಿದಿದ್ದವು, ಗೋಪಿ ಬಂಗಾರಪೇಟೆಯಿಂದ ರಬ್ಬರ್ ತುಂಡು ತಂದು ಸೋಪಿನ ನೀರು ಸವರಿ ಸುರುಳಿ ಸುರುಳಿಯ ನಡುವೆ ಗುದ್ದಿ ತುರುಕಿದ, ಈಗ ನೋಡತ್ಗೆ ಎಂಗ್ ಎದ್ ನಿಂತ್ಕೊಂತು, ನಿಂತಿತ್ತು, ಸುಳ್ಳಲ್ಲ, ಹೊಟ್ಟೆ ಕಲ್ಲಿಗೆ ತಾಗಲಿಲ್ಲ, ಗೋಪಿ ಊರೆಲ್ಲ ಎದೆ ಉಬ್ಬಿಸಿ ತಿರುಗಿದ. ಆದರೆ ಕುಗ್ಗಲು ಜಾಗವಿಲ್ಲದ ಸ್ಪ್ರಿಂಗು ಸ್ಪ್ರಿಂಗೇ ಅಲ್ಲ, ಅದು ಗುಂಡುಕಲ್ಲು, ಬಂಡೆಯ ಮೇಲಿನ ಒಂದೊಂದು ಏಟೂ ನೇರ ಕ್ಯಾನಿಗೆ, ಕ್ಯಾನಿನೊಳಗೆ ಆಗ ತಾನೇ ಕರೆದ ಬೆಚ್ಚನೆ ಹಾಲು, ಎತ್ತಿ ಕುಕ್ಕಿ ಎತ್ತಿ ಕುಕ್ಕಿ, ಹಳ್ಳ ದಾಟುವುದರೊಳಗೆ ಜೀಪೇ ಕಡಗೋಲು — ಡೇರಿಯಲ್ಲಿ ಮುಚ್ಚಳ ತೆಗೆದರೆ ಒಳಮೈಗೆ ಹಳದಿ ಹಳದಿಯಾಗಿ ಬೆಣ್ಣೆಯ ಕಾಳು, ರವೆ ಉದುರಿಸಿದಂತೆ.

ಬಚ್ಚಪ್ಪ, ಡೇರಿ ಕಾರ್ಯದರ್ಶಿ, ಯಂತ್ರದಲ್ಲಿ ಹಾಲು ಇಟ್ಟು ನೋಡಿ ಹುಬ್ಬು ಎತ್ತಿದ, ಏನಮ್ಮಾ ಇದು, ಫ್ಯಾಟೇ ಇಲ್ಲ, ಎಮ್ಮೆ ಹಸು ಎಲ್ಲಾ ಉಪಾಸ್ವಾ ನಿಮ್ ಕಡೆ. ಬೆಣ್ಣೆ ಮುಚ್ಚಳಕ್ಕೆ ಅಂಟ್ಕೊಂಡದೆ ಸಾ, ದಾರೀಲಿ ಕಡದೋಗದೆ, ನೋಡಿ ಇಲ್ಲಿ. ಅವನು ನೋಡಲಿಲ್ಲ, ಹಿಂದೆ ಸರದಿಯಲ್ಲಿದ್ದವರಿಗೆ ಕೇಳುವಂತೆ ನಕ್ಕ, ಜೀಪು ಮಜ್ಜಿಗೆ ಕಡೀತದಂತೆ ಕಣ್ರಪ್ಪೋ. ಎಲ್ಲರೂ ನಕ್ಕರು, ಆ ನಗು ಇವಳಿಗಿಂತ ಮೊದಲೇ ಹಳ್ಳ ದಾಟಿ ಮಜರೆ ಸೇರಿತು, ಫ್ಯಾಟು ಇಳಿದು ಎಲ್ಲರ ದುಡ್ಡೂ ಇಳಿದ ಸುದ್ದಿಯ ಜೊತೆಗೆ. ಆಮೇಲೆ ಅವಳು ಮಾಡಿದ್ದು, ಆಮೇಲೆ ಮಾಡಿದ್ದೇ ತಪ್ಪಾಯಿತು, ಅಥವಾ ತಪ್ಪಲ್ಲ, ಹಾಲು ಕರೆದು ಬೆಳೆದ ಯಾವ ಹೆಂಗಸಾದರೂ ಬೇರೆ ಏನು ಮಾಡುತ್ತಾಳೆ, ಮುಚ್ಚಳದ ಬೆಣ್ಣೆಯನ್ನು ನಲ್ಲಿಗೆ ಹಿಡಿದು ಚರಂಡಿಗೆ ಬಿಡುತ್ತಾಳೆಯೇ, ಬೆಣ್ಣೆ ಲಕ್ಷ್ಮಿ, ತುಳಿಯುವ ಜಾಗಕ್ಕೆ ಬೀಳಬಾರದು, ಬೆರಳಿನಲ್ಲಿ ಕೆರೆದು ಕೆರೆದು ಬಾಳೆ ಎಲೆಯ ಚೂರಿಗೆ ತೆಗೆದಳು, ದಿನಾ ಹಾಗೇ, ಒಂದು ವಾರ ಕೂಡಿದ್ದನ್ನು ಬಾಣಲೆಗೆ ಹಾಕಿ ಕಾಯಿಸಿದಳು, ಘಮಕ್ಕೆಂದು ಒಂದು ಹಿಡಿ ನುಗ್ಗೆಸೊಪ್ಪನ್ನೂ ಹಾಕಿದಳು, ಎಲ್ಲರ ಮನೆಗೂ ಒಂದೊಂದು ಚಮಚ ಹಂಚಿ ನೋಡಿ ಹೀಗಾಗುತ್ತಿದೆ ಅನ್ನೋಣ ಎಂದು, ಹಂಚುವ ಮೊದಲೇ ತುಪ್ಪದ ವಾಸನೆ ತಾನೇ ಮನೆ ಮನೆಗೆ ಹೋಯಿತು. ವಾಸನೆ ಹಿಡಿದು ಬಂದವಳು ಗಂಡನ ಸೋದರತ್ತೆ ಚಿಕ್ಕವೆಂಕಟಮ್ಮ, ಮಜರೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವವಳು, ಬಾಗಿಲ ಚೌಕಟ್ಟು ಹಿಡಿದು ನಿಂತಳು, ಒಳಗೆ ಬರಲಿಲ್ಲ, ಬಾಣಲೆ ನೋಡಿದಳು, ಇವಳ ಮುಖ ನೋಡಿದಳು, ಯಾರ್ ಮನೇ ಬೆಣ್ಣೆ ಸುಮಾ ಇದು. ಅಷ್ಟೇ. ಅತ್ತೆ, ಕೂತ್ಕೊಳಿ ಏಳ್ತೀನಿ, ಎನ್ನುವುದರೊಳಗೆ ಹೋಗಿಬಿಟ್ಟಿದ್ದಳು. ಸಂಜೆ ಇವಳ ಕ್ಯಾನಿಗೆ ಯಾರೂ ಹಾಲು ಹಾಕಲಿಲ್ಲ, ಮಾರನೇ ದಿನವೂ ಇಲ್ಲ, ಬಿಂದಿಗೆ ತಲೆಯ ಮೇಲಿಟ್ಟುಕೊಂಡು ಬಂಡೆ ಬಂಡೆ ಕಾಲಿಟ್ಟು ತಾವೇ ಹಳ್ಳ ದಾಟಿದರು ಈ ಹೆಂಗಸರು, ಮೊಣಕಾಲು ನೋವಿನವರೂ, ಬಸುರಿಯೂ, ಇವಳ ಬಾಗಿಲ ಮುಂದೆಯೇ, ಮುಖ ತಿರುಗಿಸಿಕೊಂಡು.

ಗೋಪಿಗೆ ಗೊತ್ತಿತ್ತು, ಅವನ ಮುಖ ನೋಡಿದರೆ ತಿಳಿಯುತ್ತದೆ, ಒಂದು ಮಾತು ಅವನು ಆಡಿದ್ದರೆ ಸಾಕಿತ್ತು, ರಬ್ಬರಿಂದ ಇಂಗಾಗಿರ್ಬೋದು ಎಂದು ಅರಳೀಕಟ್ಟೆಯಲ್ಲಿ ಒಂದು ಸಲ ಅಂದಿದ್ದರೆ, ಅನ್ನಲಿಲ್ಲ, ತನ್ನ ಕೈಕೆಲಸಕ್ಕೆ ಹೆಸರು ಕೆಡುತ್ತದೆ, ಅತ್ತಿಗೆಯ ಹೆಸರು ಕೆಟ್ಟರೆ ಕೆಡಲಿ. ವೆಂಕಿ ರೈಲಿನ ಗದ್ದಲದಲ್ಲಿ ಫೋನು ಮಾಡಿ, ಸುಮ್ನಿರು, ಮಾರ್ಬಿಡಾಣ ಆ ಜೀಪ್ನ, ನಾಲ್ಕು ದಿನ ಅಂತಾರೆ ಮರೀತಾರೆ, ಅಂದ. ಮರೆಯುವುದಿಲ್ಲ, ಅವಳು ಬಲ್ಲಳು, ಜೀಪು ಮಾರಿದ ದಿನ ಕಳ್ಳಿ ಎನ್ನುವುದು ಖಾಯಂ ಆಗುತ್ತದೆ, ಮಗಳು ನವ್ಯಳ ಮದುವೆ ಮಾತಿನಲ್ಲೂ ಯಾರಾದರೂ ಎತ್ತುತ್ತಾರೆ, ಆ ಬೆಣ್ಣೆ ಕದ್ದೋಳ ಮಗಳಾ ಎಂದು. ಮಾರಲ್ಲ ಕಣ್ರೀ, ಎಂದಳು, ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು, ಮಾರಲ್ಲ, ಸರಿ ಮಾಡ್ತೀನಿ, ನಡೂ ಬೀದೀಲೇ ಸರಿ ಮಾಡ್ತೀನಿ. ಕೆಜಿಎಫ್‌ಗೆ ಹೋದಳು, ಆಂಡರ್ಸನ್‌ಪೇಟೆಯ ಮುನಿಶಾಮಿಯ ಶೆಡ್ಡಿಗೆ, ಎಂಜಿನಿಯರನ ಕಾಲದಲ್ಲಿ ಈ ಜೀಪು ನೋಡಿಕೊಳ್ಳುತ್ತಿದ್ದವನು, ಕಥೆ ಕೇಳಿ ತಲೆ ಚಚ್ಚಿಕೊಂಡ, ರಬ್ಬರಾ, ಯಾರು ಮಾ ಆ ಪುಣ್ಯವಂತ, ಸ್ಪ್ರಿಂಗು ಮೂಚು ಬಿಡ್ಬೇಕು ಮಾ, ಉಸ್ರು, ಉಸ್ರು ಕಟ್ಟಿ ಹಾಕಿದ್ರೆ ಎಂಗೆ. ಉದ್ದನೆಯ, ಮೆತ್ತನೆಯ ನಾಲ್ಕು ಸ್ಪ್ರಿಂಗು ಕೊಟ್ಟ, ಮೇಲೆ ಇಡಲು ನಾಲ್ಕು ಸ್ಪೇಸರ್, ಅಲ್ಯೂಮಿನಿಯಮ್ಮಿನ ದಪ್ಪ ಬಳೆ, ಕೈಯಲ್ಲಿ ಹಿಡಿದ ಕೂಡಲೇ ಅವಳಿಗೆ ಅರ್ಥವಾಯಿತು, ಇದು ಸಿಂಬಿ, ತಲೆಗೂ ಬಿಂದಿಗೆಗೂ ನಡುವೆ ಇಡುವ ಬಟ್ಟೆಯ ಸಿಂಬಿ ಬಿಂದಿಗೆಯನ್ನು ಎತ್ತಿ ಹಿಡಿಯುತ್ತದಲ್ಲ ಹಾಗೆ ಇದು ಜೀಪನ್ನು ಎತ್ತುತ್ತದೆ, ಸ್ಪ್ರಿಂಗು ತನ್ನ ಪಾಡಿಗೆ ಕುಣಿಯುತ್ತದೆ. ಇಲ್ಲಿಗೇ ತಂದ್ಬಿಡು, ನಾನು ಮಾಡಿಕೊಡ್ತೀನಿ, ಎಂದ ಮುನಿಶಾಮಿ. ಇಲ್ಲ, ಶೆಡ್ಡಿನೊಳಗೆ ಮಾಡಿದರೆ ಯಾರು ನೋಡುತ್ತಾರೆ, ಅಲ್ಲೂ ಏನೋ ಮಸಲತ್ತು ಮಾಡಿಕೊಂಡು ಬಂದಳು ಅನ್ನುತ್ತಾರೆ, ಮಜರೆಯ ನಡುವೆಯೇ ಆಗಬೇಕು, ಎಲ್ಲರ ಕಣ್ಣೆದುರು ಬಿಚ್ಚಬೇಕು. ನಾಲ್ಕು ದಿನ ಅವನ ಶೆಡ್ಡಿನಲ್ಲಿ ನಿಂತು ನೋಡಿದಳು, ಕೈ ಹಾಕಿದಳು, ರಾತ್ರಿ ಫೋನಿನಲ್ಲಿ ಅದೇ ಕೆಲಸದ ವೀಡಿಯೊ. ಬಂಗಾರಪೇಟೆಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಗೋಣಿಚೀಲಕ್ಕೆ ಕಾಲು ತಾಗಿಸಿ, ಏನಮ್ಮಾ ಇದು ಇಷ್ಟು ಭಾರ, ಒಳಕಲ್ಲಾ, ಎಂದ, ಸ್ಪ್ರಿಂಗು, ಎಂದಳು, ಸ್ಪ್ರಿಂಗಾ, ಯಾರಿಗೆ, ನನಗೆ. ಅವನು ಇವಳನ್ನು ಮೇಲಿಂದ ಕೆಳಗೆ ನೋಡಿದ, ಚೀಟಿ ಹರಿದ, ಬೂದಿಕೋಟೆವರೆಗೂ ಅವು ಚೀಲದೊಳಗೆ ಗಣಗಣ ಅನ್ನುತ್ತಲೇ ಬಂದವು.

ರಬ್ಬರು ಕಿತ್ತುಬಂತು, ಕೊನೆಗೂ, ಒಮ್ಮೆಗೇ ಹಾರಿ ಅಂಗಳದಲ್ಲಿ ಪುಟಿದು ಕೋಳಿಗಳನ್ನು ಚೆದುರಿಸಿ ಗೋಪಿಯ ಕಾಲ ಹತ್ತಿರ ನಿಂತಿತು, ನೀಲಿ ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು. ಮುಂದಿನ ಚಕ್ರಗಳು ಆಗಲೇ ಆಚೆ, ಜೀಪಿನ ಚೌಕಟ್ಟು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ಬಿಚ್ಚಿದಾಗ ಆಕ್ಸಲ್ ನಿಧಾನಕ್ಕೆ ಜೋತುಬೀಳುತ್ತದೆ, ಬ್ರೇಕಿನ ಪೈಪು ಎಳೆಯದಂತೆ ನೋಡಿಕೊ ಎಂದಿದ್ದ ಮುನಿಶಾಮಿ, ನೋಡಿಕೊಂಡಳು, ಹಳೇ ಸ್ಪ್ರಿಂಗು ಸಡಿಲವಾಗಿ ಕೈಗೆ ಬಂತು, ಮಗುವಿನ ಹಾಗೆ ಎತ್ತಿ ಹೊರಗಿಟ್ಟಳು. ಹೊಸದು ಉದ್ದ, ಹಾಗೇ ಕೂರುವುದಿಲ್ಲ, ಎರಡು ಕೊಕ್ಕೆ ಹಾಕಿ ತಿರುಪು ತಿರುಗಿಸಿ ಕುಗ್ಗಿಸಬೇಕು, ಒಂದು ಸುತ್ತು ಈ ಕಡೆ ಒಂದು ಸುತ್ತು ಆ ಕಡೆ, ಪಾತ್ತು ಮಾ, ನೋಡ್ಕೊಂಡು ಮಾಡು, ಕೊಕ್ಕೆ ಜಾರಿದ್ರೆ ಹಾವು ಇದು, ಅದೂ ಅವನ ಮಾತೇ, ಕುಗ್ಗುತ್ತಾ ಕುಗ್ಗುತ್ತಾ ಸುರುಳಿಗಳು ಹತ್ತಿರ ಹತ್ತಿರ ಬಂದು ಕಟಕಟ ಅನ್ನುತ್ತವೆ, ಭಯವಾಗುತ್ತದೆ, ಯಾಕೆ ಸುಳ್ಳು, ಗೋಪಿ ನೋಡುತ್ತಿದ್ದಾನೆ ಎಂಬ ಸಿಟ್ಟೇ ತಿರುಪು ತಿರುಗಿಸುತ್ತಿದೆ. ಇಷ್ಟು ಒತ್ತಿದರೂ ಸುಮ್ಮನಿರುತ್ತದೆ ಅಂದುಕೊಂಡಿರಾ, ಬಿಟ್ಟು ನೋಡಿ. ಸ್ಪೇಸರ್ ಮೇಲೆ, ಸ್ಪ್ರಿಂಗು ಕೆಳಗೆ, ತುದಿ ತನ್ನ ಗುಳಿಯಲ್ಲಿ ಕೂತಿತೇ, ಕೂತಿತು, ತಿರುಪು ಸಡಿಲಿಸಿದರೆ ಮೈ ಮುರಿದು ಎದ್ದು ತನ್ನ ಜಾಗ ಹಿಡಿಯಿತು. ಇನ್ನೊಂದು ಬದಿಯೂ ಆಯಿತು, ಚಕ್ರ ಹಾಕಿ ಮುಂದಿನ ಭಾಗ ನೆಲಕ್ಕೆ ಇಳಿಸಿದಳು, ಬೆಲ್ಲ ಕಚ್ಚಿ ನೀರು ಕುಡಿದು ಮತ್ತೆ ತೂರಿದಳು, ಹಿಂಭಾಗದ ರಬ್ಬರು ಹೇಗಿದೆ ನೋಡಲು.

ಆಗ ಬಂದವು ಆ ಕಾಲುಗಳು, ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಎಡ ಚಪ್ಪಲಿಯ ಪಟ್ಟಿಗೆ ಪಿನ್ನು, ಚಿಕ್ಕವೆಂಕಟಮ್ಮ. ಅಂಗಳದ ರಬ್ಬರ್ ತುಂಡಿನ ಮೇಲೆ ಒಂದು ಕಾಲಿಟ್ಟು ಅದುಮಿದಳು, ಜಗ್ಗಲಿಲ್ಲ, ಇನ್ನೊಂದು ಸಲ, ಮೈಭಾರವೆಲ್ಲ ಬಿಟ್ಟು. ಏನ್ಲಾ ಗೋಪಿ ಇದು. ರಬ್ಬರು ಅತ್ತೆ. ಇದ್ನಾ ಇಟ್ಟಿದ್ದು ಒಳ್ಗೆ. ಗೋಪಿಯ ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಂಡಿತು. ಕಾಲುಗಳು ಜೀಪಿನ ಹಿಂದಕ್ಕೆ ಹೋದವು, ಹಿಮ್ಮಡಿ ಎದ್ದಿತು, ಮುದುಕಿ ಎರಡೂ ಕೈಯಿಂದ ಹಿಂದಿನ ಬಾಗಿಲನ್ನು ಅದುಮುತ್ತಿದ್ದಾಳೆ, ಜೀಪು ಮಿಸುಕಲಿಲ್ಲ, ಬಂಡೆ. ಕಾಲುಗಳು ಸುತ್ತಿ ಮುಂದಕ್ಕೆ ಬಂದವು, ಮತ್ತೆ ಹಿಮ್ಮಡಿ ಎದ್ದಿತು, ಈ ಸಲ ಜೀಪಿನ ಮೂತಿ ಮೆತ್ತಗೆ ಇಳಿದು ಮೆತ್ತಗೆ ಎದ್ದಿತು, ಸುಮಲತಳ ಮುಖದ ಮೇಲೆಯೇ ನೆರಳು ಇಳಿದು ಎದ್ದಿತು. ಇನ್ನೊಂದು ಸಲ ಹಿಂದೆ, ಇನ್ನೊಂದು ಸಲ ಮುಂದೆ. ಜೀವಮಾನವೆಲ್ಲ ಮೊಸರು ಕಡೆದ ಕೈ ಅದು, ಯಾವುದು ಕಡೆಯುತ್ತದೆ ಯಾವುದು ತೂಗುತ್ತದೆ ಎಂದು ಆ ಕೈಗೆ ಹೇಳಿಕೊಡಬೇಕೇ, ಅತ್ತೆ ಎಂದು ಕರೆಯಲೇ, ಹೊರಗೆ ಬಂದು ಎಲ್ಲವನ್ನೂ ಬಿಡಿಸಿ ಹೇಳಲೇ — ಕರೆಯಲ್ಲ, ಒಂದು ಸಲ ಕೂತ್ಕೊಳಿ ಅಂದಿದ್ದೆ, ಕೂರಲಿಲ್ಲ. ಕಾಲುಗಳು ಬಂದ ದಾರಿಯಲ್ಲೇ ಹೋದವು.

ಹಿಂದಿನದು ಬೇಗ ಆಯಿತು, ಕೈಗೆ ದಾರಿ ಗೊತ್ತಾಗಿತ್ತು, ಅಥವಾ ಸಿಟ್ಟಿಗೆ ಗೊತ್ತಾಗಿತ್ತು, ಬಿಸಿಲು ಹುಣಸೇಮರ ದಾಟಿ ವಾಲುವ ಹೊತ್ತಿಗೆ ನಾಲ್ಕೂ ಚಕ್ರ ನೆಲದ ಮೇಲೆ, ಜೀಪು ಎದ್ದು ನಿಂತಿದೆ, ಅಡಿಯಲ್ಲಿ ಆರಾಮಾಗಿ ಮಗ್ಗುಲು ಬದಲಿಸಬಹುದು. ಇನ್ನು ಉಳಿದದ್ದು ಆಕ್ಸಲನ್ನು ಹಿಡಿದ ಉದ್ದನೆಯ ಕಬ್ಬಿಣದ ಕೈಗಳ ಬೋಲ್ಟು ಬಿಗಿಯುವುದು, ಅಲ್ಲೇ ಮುನಿಶಾಮಿ ಎರಡು ಸಲ ಹೇಳಿದ್ದ, ಗಾಡಿ ಖಾಲಿ ಇದ್ದಾಗ ಟೈಟ್ ಮಾಡಬೇಡ ಮಾ, ನೀನು ದಿನಾ ಎಷ್ಟು ಭಾರ ಒಯ್ತೀಯೋ ಅಷ್ಟು ಏರಿಸು, ಭಾರಕ್ಕೆ ಗಾಡಿ ಕುಂತ ಮೇಲೆ ಟೈಟು, ಇಲ್ಲಾಂದ್ರೆ ಒಳಗಿನ ರಬ್ಬರ್ ಬುಷ್ಷು ತಿರುಚ್ಕೊಂಡು ಹರಿದೋಗುತ್ತೆ. ಭಾರ. ದಿನಾ ಒಯ್ಯುವ ಭಾರ ಹಾಲು, ಆ ಹಾಲು ಈಗ ಬೇರೆಯವರ ತಲೆಯ ಮೇಲೆ ಹೋಗುತ್ತದೆ. ಗೋಪಿ ಕೇಳಿಯೇ ಬಿಟ್ಟ, ದನಿಯಲ್ಲಿ ಕೊಂಕಿತ್ತೋ ನಾಚಿಕೆಯಿತ್ತೋ, ತೂಕ ಎಲ್ಲಿಂದ ತತ್ತೀಯ ಅತ್ಗೆ, ಕ್ಯಾನ್ಗೆ ನೀರು ತುಂಬಾಣ್ವಾ. ನೀರು, ಹಾಲಿನ ಕ್ಯಾನಿಗೆ ನೀರು, ಅದೊಂದು ಬಾಕಿ ಇತ್ತು ಈ ಊರಿಗೆ ನೋಡಲು. ಕಲ್ಲು ಆಕ್ತೀನಿ ಕಣೋ, ಅವಳು ಜೀಪಿನಡಿಯಿಂದಲೇ ಕೂಗಿದಳು, ಮಜರೆಗೆಲ್ಲ ಕೇಳಲಿ ಎಂದೇ ಕೂಗಿದಳು, ಅಳ್ಳದ ಕಲ್ಲು ಒತ್ತು ತಂದು ತುಂಬ್ತೀನಿ, ಭಾರಕ್ಕೇನು ಬರ, ಯಾರ್ ಮನೇ ಬಾಗ್ಲಿಗೂ ಓಗಲ್ಲ, ಬೇಡಲ್ಲ, ನಂದು ನಾನು ಬಿಗೀತೀನಿ, ನಾಳೆ ಖಾಲಿ ಕ್ಯಾನೇ ಏರ್ಸ್ಕೊಂಡು ಅಳ್ಳ ದಾಟ್ತೀನಿ, ನಾಳಿದ್ದೂ ದಾಟ್ತೀನಿ, ದಿನಾ ದಾಟ್ತೀನಿ, ನೋಡ್ತಾ ಇರ್ಲಿ. ಎದ್ದು ಹೋಗಿ ಕಲ್ಲು ತರಬೇಕು, ಒಂದು ಗಳಿಗೆ ಬೆನ್ನು ಚಾಚಿಕೊಂಡು ಆಮೇಲೆ, ಸ್ಪ್ಯಾನರು ಎದೆಯ ಮೇಲೆ ಭಾರವಾಗಿ ಕೂತಿತ್ತು.

ಮೊದಲು ಕಂಡದ್ದು ಸೀರೆಯ ಅಂಚು, ಆಮೇಲೆ ಕಾಲು, ಒಂದು ಜೊತೆಯಲ್ಲ, ಹಲವು, ಕೊಟ್ಟಿಗೆಯ ಸಗಣಿ ಒಣಗಿದ ಕಾಲು, ಗೆಜ್ಜೆಯ ಕಾಲು, ಮಜರೆಯ ಆ ತುದಿಯ ಆದಿಲಕ್ಷ್ಮಮ್ಮನ ಬಾತ ಕಾಲು, ಅವಳು ಅಷ್ಟು ದೂರ ನಡೆಯುವವಳೇ ಅಲ್ಲ, ಜೀಪಿನ ಸುತ್ತ ನಿಂತವು, ಏನು, ಪಂಚಾಯಿತಿಯೇ, ಬನ್ನಿ, ಮಲಗಿಕೊಂಡೇ ಉತ್ತರ ಕೊಡುತ್ತೇನೆ. ಎಷ್ಟು ಜನ ಬೇಕು, ಎಂದಿತು ಚಿಕ್ಕವೆಂಕಟಮ್ಮನ ದನಿ, ಒರಟಾಗಿ, ಸಂತೆಯಲ್ಲಿ ದರ ಕೇಳುವಂತೆ, ಕಲ್ಲು ಯಾಕೆ ಒರ್ತೀಯಾ, ನಾವೇನು ಕಲ್ಲಿಗಿಂತ ಅಗೂರವಾ, ಅತ್ತ್ರೇ. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ, ಅಂದಿದ್ದರೆ ಸುಮಲತ ಏನಾದರೂ ಒರಟಾಗಿ ಅಂದುಬಿಡುತ್ತಿದ್ದಳು, ಗಂಟಲಿನಲ್ಲಿ ಸಿದ್ಧವಾಗಿ ಕೂತಿದ್ದ ಮಾತಿಗೆ ಈಗ ಹೋಗಲು ಜಾಗವಿಲ್ಲ. ಆದಿಲಕ್ಷ್ಮಮ್ಮನ ಬಾತ ಕಾಲು ಚಪ್ಪಲಿಯಿಂದ ಹೊರಬಂತು — ಹಾಲು ಕೂರುವ ಜಾಗ, ಚಪ್ಪಲಿ ಮೆಟ್ಟಿ ಯಾರೂ ಹತ್ತುವುದಿಲ್ಲ — ಎದ್ದಿತು, ಮಾಯವಾಯಿತು, ಚಪ್ಪಲಿ ಉಳಿಯಿತು, ತಲೆಯ ಪಕ್ಕದ ಸ್ಪ್ರಿಂಗು ತುಸು ಇಳಿಯಿತು. ಗೆಜ್ಜೆಯ ಕಾಲು ಎದ್ದಿತು, ಚಪ್ಪಲಿ ಉಳಿಯಿತು, ಸ್ಪ್ರಿಂಗು ಇನ್ನೂ ತುಸು. ಇನ್ನೊಂದು ಜೊತೆ, ಮತ್ತೊಂದು, ಮೇಲೆ ಬಳೆಗಳ ಸದ್ದು, ಸರ್ಕೊಳ್ರೇ ಎಂಬ ಗೊಣಗು, ನಿಂಗ್ ಬೇರೆ ಏಳ್ಬೇಕೇನೋ ಗೋಪಿ, ಅತ್ತೋ, ನೀಲಿ ಚಪ್ಪಲಿಯೂ ಖಾಲಿಯಾಯಿತು, ಬೋಲ್ಟಿಗೆ ಸ್ಪ್ಯಾನರ್ ಸಿಕ್ಕಿಸಿದಳು, ತಿರುಗಿಸಲಿಲ್ಲ, ಇನ್ನೊಂದು ಜೊತೆ ಕಾಲು ನೆಲದ ಮೇಲೆ ಹಾಗೇ ನಿಂತಿದೆ, ಎಲ್ಲರನ್ನೂ ಹತ್ತಿಸಿ ತಾನು ನಿಂತಿದೆ, ಹೋಗುತ್ತದೋ ಏನೋ, ಹೋದರೆ ಹೋಗಲಿ, ಹೋಗದಿರಲಿ, ಕೈ ಕೊಡ್ರೇ ಎಂದಳು ಮುದುಕಿ, ಒಡೆದ ಹಿಮ್ಮಡಿ ಮೆಲ್ಲಗೆ ಮೇಲೆದ್ದಿತು, ಒಂದು, ಆಮೇಲೆ ಇನ್ನೊಂದು, ಸ್ಪ್ರಿಂಗು ಇಳಿದು ನಿಂತಿತು, ಈಗ ಸ್ಪ್ಯಾನರು ತಿರುಗಿಸಿದಳು, ಧೂಳಿನಲ್ಲಿ ಸುತ್ತಲೂ ಖಾಲಿ ಚಪ್ಪಲಿ, ಪಿನ್ನು ಹಾಕಿದ್ದು, ಹಿಮ್ಮಡಿ ಒತ್ತಿ ಒತ್ತಿ ಗುಳಿ ಬಿದ್ದದ್ದು, ಖಾಲಿ ಚಪ್ಪಲಿ, ಜೊತೆ ಜೊತೆ, ಖಾಲಿ.